ಕಡಲು ಕಾಣುವ ರೂಮು, ಇಬ್ಬರ ಬಾಡಿಗೆ

ನಗುವಂಥ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವು ತಾವಾಗಿಯೇ ಬಂದು ಕಾಲಿಗೆ ತೊಡರಿಕೊಳ್ಳುತ್ತವೆ. ನನ್ನ ಸೋದರಮಾವನ ಹಿಂದೆ ಚೀಲ ಹಿಡಿದು ರೈಲು ಹತ್ತಿದರಂತೂ ಗುಂತಕಲ್ಲು ದಾಟುವುದರೊಳಗೆ ಒಂದಾದರೂ ನಡೆದೇ ತೀರುತ್ತಿತ್ತು. ಮದುವೆ ಮನೆಗಳಲ್ಲಿ ಜನ ನನ್ನನ್ನು ಕೂಡಿಸಿಕೊಂಡು ಇವನ್ನೆಲ್ಲ ಹೇಳಿಸುತ್ತಾರೆ. ನಾನು ಹೇಳುತ್ತೇನೆ, ಅವರು ನಗುತ್ತಾರೆ. ಕೊನೆಯದೊಂದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ. ಎಲ್ಲಕ್ಕಿಂತ ಹೆಚ್ಚು ನಗು ಬರುವುದು ಅದೇ, ಆದರೆ ಅದರ ಸರದಿ ಬಂದಾಗ ನಾನು ಎಲೆ ಅಡಿಕೆ ಹುಡುಕುತ್ತ ಎದ್ದುಬಿಡುತ್ತೇನೆ.

ಮಾವ ಕುರುಗೋಡಿನವನು. ಬಳ್ಳಾರಿಯಲ್ಲಿ ಅವನದು ಈರುಳ್ಳಿ ಮಂಡಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಮ್ಮ ಮಾಲು ಮದ್ರಾಸಿಗೆ, ಅಲ್ಲಿಂದ ಕಡಲು ದಾಟಿ ಕೊಲಂಬೋಗೆ ಹೋಗತೊಡಗಿತ್ತು. ತಮಿಳರು ದಪ್ಪ ಈರುಳ್ಳಿಗೆ ಬಳ್ಳಾರಿಯ ಹೆಸರನ್ನೇ ಇಟ್ಟುಬಿಟ್ಟಿದ್ದರು, ಅದು ಮಾವನಿಗೆ ಮೀಸೆ ತಿರುವುವಷ್ಟು ಹೆಮ್ಮೆ. ವರ್ಷಕ್ಕೆ ಒಂದೆರಡು ಸಲ ಆ ಕಡೆಯ ವ್ಯಾಪಾರಿಗಳನ್ನು ಕಾಣಲು ಅವನು ಹೊರಡುತ್ತಿದ್ದ. ನನಗೆ ಮೆಟ್ರಿಕ್ಕಿನ ಇಂಗ್ಲಿಷೂ ಹರಕು ಮುರುಕು ತಮಿಳೂ ಬರುತ್ತಿದ್ದುದರಿಂದ ಜೊತೆಗೆ ನಾನು.

ಮಾವನದೊಂದು ವ್ರತವಿತ್ತು. ಯಾವ ಊರಿಗೆ ಹೋದರೂ ರೂಮಿಗೆ ಅವರು ಹೇಳಿದ ಬಾಡಿಗೆ ಕೊಡಬಾರದು. ಯಾಕೆಂದು ಕೇಳಿದರೆ ಮಂಡಿಯ ಪಾಠ ಹೇಳುತ್ತಿದ್ದ.

"ಉಳ್ಳಾಗಡ್ಡಿ ನಾಕು ದಿನ ತಡೀತೈತಿ. ರೂಮು ಬೆಳಗಾಗೂದ್ರೊಳಗ ಕೊಳೀತೈತಿ. ಇವತ್ತು ಖಾಲಿ ಹೋದದ್ದು ನಾಳೆ ಮಾರಾಕ ಬರತೈತೇನಲೇ? ಕೊಳೆಯೋ ಮಾಲಿಗೆ ಹೇಳಿದ ರೇಟು ಕೊಡಾಂವ ಹುಚ್ಚ."

ಅತ್ತೆ, ಅಂದರೆ ಮಾವನ ಹೆಂಡತಿ, ಸಿರುಗುಪ್ಪದ ಹೆಣ್ಣುಮಗಳು. ಮಕ್ಕಳಿರಲಿಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಪ್ರತಿ ಸಲ ನಾವು ತಿರುಗಿ ಬಂದಾಗ ಅವಳಿಗೆ ವ್ಯಾಪಾರದ ಸುದ್ದಿ ಬೇಡ, ರೂಮಿನ ಸುದ್ದಿ ಬೇಕು. ಕೊಲಂಬೋದ ಒಂದು ಹೋಟೆಲಿನ ಮಾಳಿಗೆ ಮೇಲಿನ ರೂಮಿನಲ್ಲಿ ಮಂಚದ ಮೇಲೆ ಮಲಗಿದರೆ ಕಿಟಕಿಯಲ್ಲಿ ಕಡಲು ಕಾಣುತ್ತದೆ, ಹಡಗು ಹೋಗುವುದು ಕಾಣುತ್ತದೆ, ಬೆಳಿಗ್ಗೆ ಬಾಗಿಲು ತಟ್ಟಿ ಕಾಫಿ ತಂದುಕೊಡುತ್ತಾರೆ ಎಂದು ಆ ರೂಮನ್ನು ಇಣುಕಿ ನೋಡಿ ಬಂದ ನಾನು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಅವಳಿಗೆ ಅದೇ ಹಂಬಲ.

"ಮದ್ರಾಸಿನಾಗೂ ಕಡಲೈತಿ, ಅಲ್ಲಿಗೇ ಬಾ," ಎಂದ ಮಾವ.

"ಉಸುಕಿನ್ಯಾಗ ನಿಂತು ನೋಡೂದು ನನಗ ಬ್ಯಾಡ್ರಿ. ಹುಟ್ಟಿದಾಗಿಂದ ಎದ್ದ ಕೂಡಲೆ ಒಲಿ ಮಾರಿನೇ ನೋಡೀನಿ. ಒಂದ ಮುಂಜಾನಿ ಮಲಗಿದಲ್ಲಿಂದ ಏಳದಂಗ ಕಡಲು ನೋಡಬೇಕು. ಯಾರರ ಬಂದು ಕಾಫಿ ಕೊಡಬೇಕು."

"ನೀ ಕಾಫಿ ವಾಸನಿ ಬಂದ್ರ ಮೂಗು ಮುಚ್ಚಿಕೊಳ್ಳಾಕಿ."

"ನಾ ಕುಡಿಯಂಗಿಲ್ಲ ಬಿಡ್ರಿ. ಕೊಡೂದನ್ನ ನೋಡತೀನಿ."

ಮಾವ ನಕ್ಕು, "ಆತು, ಆ ರೂಮಿನ ರೇಟು ಒಂಚೂರು ಇಳಿಸಿ ಕರಕೊಂಡು ಹೋಗತೀನಿ," ಎಂದು ಮಾತು ಕೊಟ್ಟ. ಮುಂದಿನದೆಲ್ಲ, ಅದಕ್ಕೂ ಹಿಂದಿನದೊಂದೆರಡು ಸೇರಿ, ಆ ಒಂಚೂರು ಇಳಿಸುವ ಕಥೆ.

ವಲ್ಲಿಯೊಳಗಿನ ಬೆರಳು

ಮಂಡಿಯಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನು ಮಾರುವವನ ಕೈ ಹಿಡಿಯುತ್ತಾನೆ. ಮೇಲೆ ಹೆಗಲಿನ ವಸ್ತ್ರ, ಅಂದರೆ ವಲ್ಲಿ, ಮುಚ್ಚುತ್ತಾರೆ. ಒಳಗೆ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಇಡೀ ಅಂಗೈ ಹಿಡಿದರೆ ಒಪ್ಪಿಗೆ, ವ್ಯಾಪಾರ ಮುಗಿಯಿತು. ಸುತ್ತ ನಿಂತವರಿಗೆ ವಲ್ಲಿ ಅಲುಗಾಡುವುದು ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ.

ಮಾವನಿಗೆ ಲೋಕವೆಲ್ಲ ಹೀಗೆಯೇ ನಡೆಯುತ್ತದೆಂಬ ನಂಬಿಕೆ. ಮೊದಲ ಸಲ ಮದ್ರಾಸಿಗೆ ಹೋದಾಗ ಕೊತ್ತವಾಲ ಚಾವಡಿ ಬಜಾರಿನ ಹತ್ತಿರದ ಒಂದು ಲಾಡ್ಜಿನಲ್ಲಿ ಮ್ಯಾನೇಜರು ರೂಮಿನ ಬಾಡಿಗೆ ಹೇಳಿದ. ಮಾವ ಮೇಜಿನ ಮೇಲಿದ್ದ ಅವನ ಕೈಯನ್ನು ಗಪ್ಪನೆ ಹಿಡಿದು, ವಲ್ಲಿ ಮುಚ್ಚಿ, ಎರಡು ಬೆರಳು ಹಿಚುಕಿದ. ಮ್ಯಾನೇಜರನ ಕಣ್ಣು ಮೇಲೆ ಹೋದವು. ಕೈ ಎಳೆದುಕೊಳ್ಳಲು ನೋಡಿದ. ಎಳೆದಷ್ಟೂ ಮಾವ ಬಿಗಿಯಾಗಿ ಹಿಡಿದ, ಯಾಕೆಂದರೆ ಮಂಡಿಯಲ್ಲಿ ಕೈ ಎಳೆದುಕೊಂಡರೆ ಇನ್ನಷ್ಟು ಕೊಡು ಎಂದು ಅರ್ಥ.

ಜನ ಕೂಡಿದರು. ನಾನು ನನ್ನ ತಮಿಳಿನಲ್ಲಿ ಏನೇನೋ ಒದರಿದೆ. ಅದರಿಂದ ಮ್ಯಾನೇಜರನಿಗೆ ಏನು ತಿಳಿಯಿತೋ, ಮಾವನ ಹಣೆಯ ವಿಭೂತಿಯನ್ನೂ ಕಣ್ಣು ಮುಚ್ಚಿ ಲೆಕ್ಕ ಹಾಕುವ ಮುಖವನ್ನೂ ನೋಡಿ, ಇವರು ಯಾರೋ ಬೆರಳು ಮುಟ್ಟಿ ಭವಿಷ್ಯ ಹೇಳುವ ಸ್ವಾಮಿಗಳು ಎಂದುಕೊಂಡ. ದನಿ ತಗ್ಗಿಸಿ, "ನನ್ನ ಮಗಳ ಮದುವೆ ಯಾವಾಗ ಆಗುತ್ತದೆ, ಕೇಳು," ಎಂದು ನನಗೆ ಹೇಳಿದ.

ನಾನು ಕೇಳಿದೆ. ಮಾವ ಕಣ್ಣು ಬಿಡದೆ ಹೇಳಿದ: "ರೂಮಿನ ಬಾಡಿಗಿ ಇಳಿಸಿದ್ರ ಈ ವರ್ಷನ ಆಗತೈತಿ ಅನ್ನು."

ಬಾಡಿಗೆ ಇಳಿಯಿತು. ಮುಂದಿನ ಸಲ ಹೋದಾಗ ಮದುವೆಯೂ ಆಗಿಹೋಗಿತ್ತು, ಮ್ಯಾನೇಜರು ಕಾಲಿಗೆ ಬಿದ್ದು ಅರ್ಧ ಬಾಡಿಗೆಗೆ ರೂಮು ಕೊಟ್ಟ. ಅದರ ಮುಂದಿನ ಸಲ ಆ ಅಳಿಯ ಹೆಂಡತಿಯನ್ನು ಬಿಟ್ಟು ಓಡಿಹೋಗಿದ್ದ. ನಾವು ಲಾಡ್ಜು ಬದಲಾಯಿಸಿದೆವು.

ಶಿವನ ಬಿಸಿನೀರು

ಬದಲಾಯಿಸಿದ ಲಾಡ್ಜಿನಲ್ಲಿ ರೂಮಿನ ಬಾಡಿಗೆ ಕಡಿಮೆಯೇ. ಆದರೆ ಬಿಸಿನೀರಿಗೆ ಬೇರೆ, ದೀಪಕ್ಕೆ ಬೇರೆ, ಹಾಸಿಗೆಗೆ ಬೇರೆ. ಇಲಿಯ ಬೋನಿಗೂ ದುಡ್ಡು ಹಿಡಿಯುತ್ತಿದ್ದರೋ ಏನೋ, ಇಲಿಗಳು ನಮಗೆ ಪುಕ್ಕಟೆಯಾಗಿ ಸಿಕ್ಕವು.

ಮಾವ ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮಾಡದೆ ಹನಿ ನೀರು ಕುಡಿಯುವವನಲ್ಲ. ಬಿಸಿನೀರಿನ ದುಡ್ಡು ಕೇಳಿದಾಗ ಅವನು ಲಾಡ್ಜಿನ ಮುದುಕ ಮಾಲಕನ ಮುಂದೆ ಹೋಗಿ ಎದೆಯ ಮೇಲಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ನಿಂತ.

"ನೀರು ನನಗ ಅಲ್ರಿ, ಇವಗ. ಇವನ ಹೆಸರಿಗೆ ಬರಕೊಳ್ರಿ. ರೊಕ್ಕ ಇವನ್ನ ಕೇಳ್ರಿ."

ಮುದುಕನ ಹಣೆಯ ಮೇಲೂ ಮೂರು ಬೆರಳ ವಿಭೂತಿ. ಪಾಪ, ಶಿವನ ಹೆಸರಿಗೆ ಬಾಕಿ ಬರೆಯುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಕೈಮುಗಿದು ಬಿಸಿನೀರು ಬಿಟ್ಟುಕೊಟ್ಟ. ಮಾವ ಅಷ್ಟಕ್ಕೆ ನಿಲ್ಲದೆ ದೀಪದ ದುಡ್ಡೂ ಶಿವನದೇ ಎಂದ, ಪೂಜೆಗೆ ಬೆಳಕು ಬೇಡವೇ? ಮುದುಕ ಅದನ್ನೂ ಬಿಟ್ಟ. ಹಾಸಿಗೆಯ ಸರದಿ ಬಂದಾಗ ಮಾತ್ರ ಅವನಿಗೆ ಎಚ್ಚರವಾಯಿತು.

"ಸ್ವಾಮಿ, ಶಿವ ಸ್ಮಶಾನದಲ್ಲಿ ಮಲಗುವವನು. ಅವನಿಗೆ ಹಾಸಿಗೆ ಯಾಕೆ?"

ಆ ಸಲ ಮಾವ ಬರಿಯ ಚಾಪೆಯ ಮೇಲೆ ಮಲಗಿದ. ಊರಿಗೆ ಬಂದು ಇದನ್ನು ಹೇಳಿದಾಗ ಅತ್ತೆ ನಗುತ್ತ ನಗುತ್ತ ಕೆಮ್ಮತೊಡಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಆ ನಗೆ ಈಗಲೂ ನನ್ನ ಕಿವಿಯಲ್ಲಿದೆ. ಎಷ್ಟೋ ಸಲ ಅವಳನ್ನು ನಗಿಸಲಿಕ್ಕೇ ಮಾವ ಈ ಚೌಕಾಸಿ ಮಾಡುತ್ತಿದ್ದನೇನೋ ಎಂದು ಆಮೇಲೆ ನನಗೆ ಅನ್ನಿಸಿದ್ದುಂಟು.

ಬಾಡಿಗೆ ಇಲ್ಲದ ಕೆಮ್ಮು

ಕೊಲಂಬೋಗೆ ಹೋಗಬೇಕಾದರೆ ಕಡಲ ದಂಡೆಯ ಮಂಡಪ ಎಂಬ ಊರಲ್ಲಿ ಡಾಕ್ಟರು ನೋಡಬೇಕು. ರೋಗವಿದ್ದವರನ್ನು, ಅನುಮಾನವಿದ್ದವರನ್ನು ಅಲ್ಲಿಯ ಕ್ಯಾಂಪಿನಲ್ಲಿ ಇರಿಸಿಕೊಳ್ಳುತ್ತಿದ್ದರು. ಅಲ್ಲಿದ್ದವರಿಗೆ ಮಲಗಲು ಜಾಗ, ಎರಡು ಹೊತ್ತು ಅನ್ನ. ಇದಕ್ಕೆ ಬಾಡಿಗೆ ಕೇಳುವುದಿಲ್ಲವೆಂದು ರೈಲಿನಲ್ಲಿ ಯಾರೋ ಮಾವನ ಕಿವಿಗೆ ಹಾಕಿದರು.

ಡಾಕ್ಟರು ಮಾವನ ನಾಲಿಗೆ ನೋಡಿ, ಎದೆ ನೋಡಿ, "ಏನೂ ಇಲ್ಲ, ಹೋಗಬಹುದು," ಎಂದರು. ಮಾವನ ಮುಖ ಬಾಡಿತು.

"ಇನ್ನೊಮ್ಮೆ ನೋಡ್ರಿ," ಎಂದವನೇ ಖೊಕ್ ಖೊಕ್ ಎಂದು ಕೆಮ್ಮಿದ. ಒಂದು ದಿನ ಪುಕ್ಕಟೆ ಉಂಡು ಮಲಗಿ ಮರುದಿನ ಹಡಗು ಹತ್ತುವುದು ಅವನ ಲೆಕ್ಕ. ಮಾವ ಯಾವ ಕೆಲಸವನ್ನೂ ಅರ್ಧಮರ್ಧ ಮಾಡುವವನಲ್ಲ. ಕೆಮ್ಮಿನ ಜೊತೆಗೆ ಒಂದಿಷ್ಟು ನರಳಿದ, ಹೊಟ್ಟೆ ಹಿಡಿದುಕೊಂಡ, ಗೋಡೆಗೆ ಒರಗಿದ. ಡಾಕ್ಟರು ಗಾಬರಿಯಾಗಿ ಅವನನ್ನು ಒಳಗೆ ಹಾಕಿದರು. ಜೊತೆಗಿದ್ದವನೆಂದು ನನ್ನನ್ನೂ ಹಾಕಿದರು. ಇಬ್ಬರಿಗೂ ಎರಡೂ ತೋಳಿಗೆ ಸೂಜಿ ಚುಚ್ಚಿದರು.

ಮರುದಿನ ಮಾವ, "ನಾ ಆರಾಮ ಅದೀನಿ, ಬಿಡ್ರಿ," ಎಂದರೆ ಯಾರು ಕೇಳಬೇಕು? ಆರಾಮಾಗಿದ್ದೇನೆ ಎನ್ನುವವರ ಮೇಲೇ ಅವರಿಗೆ ಹೆಚ್ಚು ಅನುಮಾನ. ನಾವು ಅಲ್ಲಿ ಪುಕ್ಕಟೆ ಅನ್ನ ಉಣ್ಣುತ್ತ ಕೂತಿರುವಾಗ ಕೊಲಂಬೋದ ಗೋದಾಮಿನಲ್ಲಿ ನಮ್ಮ ಮಾಲು ಮೊಳಕೆ ಒಡೆಯಿತು.

ಊರಿಗೆ ಬಂದ ಮೇಲೆ ಅತ್ತೆ ಕೇಳಿದಳು, "ಈ ಸಲ ಬಾಡಿಗಿ ಎಷ್ಟು ಇಳಿಸಿದ್ರಿ?"

"ಪೂರಾ ಉಳಿಸೀನಿ."

"ಮಾಲು?"

"ಹಸರಾಗೈತಿ," ಎಂದ ಮಾವ.

ಬೆಳಗಾಗುವ ಮೊದಲು ಏಳುವವರ ರೇಟು

ಕೊಲಂಬೋದ ಆ ಹೋಟೆಲಿನ ಮಾಲಕ ತಿರುನೆಲ್ವೇಲಿ ಕಡೆಯವನು. ಮೊದಲು ಬಹಳ ವರ್ಷ ಗುಂತಕಲ್ಲು ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ದುಡಿದವನು, ಹಾಗಾಗಿ ತೆಲುಗೂ ನಮ್ಮ ಕನ್ನಡವೂ ಬೆರೆಸಿ ಮಾತಾಡುತ್ತಿದ್ದ. ಮಾವನ ವಲ್ಲಿಯ ವಿದ್ಯೆಯನ್ನು ಕಲಿತ ಒಬ್ಬನೇ ಹೋಟೆಲಿನವನೆಂದರೆ ಅವನು. ನಾವು ಬಾಗಿಲಲ್ಲಿ ಕಂಡ ಕೂಡಲೆ ತಾನೇ ಕೈ ಚಾಚುತ್ತಿದ್ದ.

"ಏಮಂಡಿ ಸಾಹುಕಾರು, ಬರ್ರಿ. ಬೆರಳು ಮುರಿಯಬ್ಯಾಡ್ರಿ, ಮೆಲ್ಲಕ ಹಿಡೀರಿ."

ಅಲ್ಲಿ ಕಡಲ ಕಡೆಯ ರೂಮಿಗೆ ಹೆಚ್ಚು ಬಾಡಿಗೆ, ಹಿಂದಿನ ರೂಮಿಗೆ ಕಡಿಮೆ. ಹಿಂದಿನ ರೂಮಿನ ಕಿಟಕಿ ತೆರೆದರೆ ಅಡುಗೆಮನೆಯ ಹೊಗೆ. ನಾವು ಯಾವಾಗಲೂ ಹೊಗೆಯಲ್ಲಿ. ಒಮ್ಮೆ ಮಾವ ಕಡಲ ಕಡೆಯ ರೂಮಿನ ಮೇಲೆ ಕಣ್ಣಿಟ್ಟು ವಾದ ಹೂಡಿದ.

"ನಾವು ಬೆಳಗಾಗೂದ್ರೊಳಗ ಎದ್ದು ಬಜಾರಕ್ಕ ಹೋಗತೀವಿ, ದೀಪ ಹಚ್ಚಿದ ಮ್ಯಾಲೆ ಬರತೀವಿ. ಕತ್ತಲದಾಗ ಕಡಲು ಕಾಣತೈತೇನು? ಇಲ್ಲ. ಕಾಣದ ಕಡಲಿಗೆ ರೊಕ್ಕ ಯಾಕ?"

ಮಾಲಕ ಕಿಟಕಿಯ ಕಡೆ ಕಿವಿ ಕೊಟ್ಟ. "ಕಾಣಂಗಿಲ್ಲ, ನಿಜ. ಆದ್ರ ಕೇಳತೈತಲ್ಲ? ಸಪ್ಪಳಕ್ಕ ಕೊಡ್ರಿ."

ಮಾವ ಸೋತ ಎರಡನೆಯ ವಾದ ಅದು. ಆದರೂ ಆ ಸಲ ಅವನು ಅತ್ತೆಯ ಆಸೆಯನ್ನು ಮಾಲಕನಿಗೆ ಹೇಳಿದ. ಹುಟ್ಟಿದಾಗಿನಿಂದ ಒಲೆಯ ಮುಖ ನೋಡಿಕೊಂಡೇ ಎದ್ದವಳು, ಒಂದು ಬೆಳಿಗ್ಗೆ ಕಡಲು ನೋಡಿಕೊಂಡು ಮಲಗಿರಬೇಕಂತೆ ಎಂದ. ಮಾಲಕ ವಲ್ಲಿಯೊಳಗೆ ತಾನಾಗಿಯೇ ಮಾವನ ಇಡೀ ಅಂಗೈ ಹಿಡಿದ.

"ಅಮ್ಮಾವರನ್ನ ಕರಕೊಂಡು ಬರ್ರಿ. ಕಡಲ ರೂಮು, ಹಿಂದಿನ ರೂಮಿನ ರೇಟಿಗೆ. ಸಪ್ಪಳ ಪುಕ್ಕಟೆ."

ರೈಲಿನುದ್ದಕ್ಕೂ ಮಾವ ಕಿಟಕಿಯಲ್ಲಿ ನೋಡುತ್ತ ಒಬ್ಬನೇ ನಗುತ್ತಿದ್ದ.

ಹರಿಗೋಲಿನ ಪರದೇಶ

ಸುದ್ದಿ ಕೇಳಿ ಅತ್ತೆ ತಯಾರಿಗೆ ನಿಂತಳು. ಕುರುಗೋಡಿನ ನೆಂಟರು, ಸಿರುಗುಪ್ಪದ ತವರಿನವರು, ಬಳ್ಳಾರಿಯ ಓಣಿಯವರು, ಎಲ್ಲರಿಗೂ ಹೇಳಿಯಾಯಿತು. ಒಬ್ಬಾಕೆ ಕಡಲ ನೀರು ತರಲು ತಂಬಿಗೆ ಕೊಟ್ಟಳು. ಇನ್ನೊಬ್ಬಾಕೆ, "ಅಲ್ಲಿ ಎಲ್ಲಾ ರಾವಣನ ಕಡೆಯವರು, ಹುಷಾರು," ಎಂದು ತಾಯತ ಕೊಟ್ಟಳು. ಅತ್ತೆ ತಾಯತವನ್ನು ಮಾವನ ತೋಳಿಗೆ ಕಟ್ಟಿದಳು. "ನನ್ನ ಯಾರು ಒಯ್ತಾರ? ಚೌಕಾಸಿ ಮಾಡಿದ್ದಕ್ಕ ನಿಮ್ಮನ್ನ ಹಿಡಿದಾರು."

ಹಡಗಿನಲ್ಲಿ ವಾಂತಿಯಾಗುತ್ತದೆಂದು ನಾನು ಹೆದರಿಸಿದ್ದೆ. ಅದಕ್ಕೆ ಅವಳು ತವರಿಗೆ ಹೋದಾಗ ಹೊಳೆಯಲ್ಲಿ ಹರಿಗೋಲು ಹತ್ತಿ ರೂಢಿ ಮಾಡಿಕೊಂಡಳು. ತುಂಗಭದ್ರೆಯ ಆಚೆಯ ದಂಡೆ ಆಗ ನಿಜಾಮನ ಸೀಮೆ. ಅಂಬಿಗ ಆಚೆ ಮುಟ್ಟಿಸಿ ಹೋಗಿಬರುವ ಬಾಡಿಗೆ ಕೇಳಿದರೆ ಅತ್ತೆ, "ನಾ ಕೆಳಗ ಇಳದ ಇಲ್ಲ. ಇಳೀದಿದ್ರ ಹೋದಂಗ ಹ್ಯಾಂಗ ಆತು? ತಿರುಗಿ ಬರೂದರದಷ್ಟ ತಗೋ," ಎಂದು ವಾದಿಸಿ ಅರ್ಧಕ್ಕೆ ಇಳಿಸಿದಳಂತೆ.

ಮನೆಗೆ ಬಂದು ಮಾವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೀವು ಇಷ್ಟು ವರ್ಷದಿಂದ ಇಳಿಸಾಕ ಹತ್ತೀರಿ. ನಾ ಒಂದ ಹೊತ್ತಿನಾಗ ಅರ್ಧಾ ರೇಟಿಗೆ ಪರದೇಶಕ್ಕ ಹೋಗಿಬಂದೆ!"

ಮಾವ ಅದನ್ನು ಮಂಡಿಯ ತುಂಬ ಹೇಳಿಕೊಂಡು ತಿರುಗಿದ. ನನ್ನ ಹೆಂಡತಿ ನನಗಿಂತ ದೊಡ್ಡ ದಲಾಲಿ ಎಂದು ಅವನಿಗೆ ಸಂಭ್ರಮ.

ಶಿವರಾತ್ರಿ ಮುಗಿಸಿ ಹೊರಡುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ ಕೊಲಂಬೋದಿಂದ ಬಂದ ಒಬ್ಬ ವ್ಯಾಪಾರಿ ಮಂಡಿಯಲ್ಲಿ ಕೂತು ಮಾತಿಗೆ ಮಾತು ಬಂದು ಹೇಳಿದ: ಅಲ್ಲಿ ಮುಂಗಾರು ಹಿಡಿದರೆ ಹೋಟೆಲುಗಳೆಲ್ಲ ಖಾಲಿ, ಯಾವ ರೂಮು ಕೇಳಿದರೂ ಅರ್ಧ ಬಾಡಿಗೆ. ಮಾವನ ಕಿವಿ ನೆಟ್ಟಗಾದವು. ಹೆಂಡತಿ ಹರಿಗೋಲಿನಲ್ಲಿ ಅರ್ಧ ಮಾಡಿಸಿದ್ದಾಳೆ, ತಾನು ಅದಕ್ಕಿಂತ ಕಡಿಮೆ ಮಾಡಿಸದಿದ್ದರೆ ಮೀಸೆಗೆ ಏನು ಬೆಲೆ?

"ಮಳಿಗಾಲಕ್ಕ ಹೋಗೂಣು," ಎಂದ.

"ನಿಮ್ಮ ಕಡಲು ಅಲ್ಲೀತನ ಬತ್ತದಿದ್ರ ಸಾಕು," ಎಂದಳು ಅತ್ತೆ. ಕಟ್ಟಿಟ್ಟ ಗಂಟನ್ನು ಬಿಚ್ಚಿ, ಚಟ್ನಿಪುಡಿಯನ್ನು ನಮಗೇ ಬಡಿಸಿದಳು.

ಗುಡ್ಡದ ಕಡೆಯ ಕಿಟಕಿ

ಇದರಲ್ಲಿ ನಗುವಂಥದ್ದು ಒಂದೇ ಒಂದು ಮಾತಿದೆ. ಅದಕ್ಕಾಗಿ ಹೇಳುತ್ತೇನೆ.

ಬಳ್ಳಾರಿಯ ಬೇಸಿಗೆಯಲ್ಲಿ ಕಲ್ಲಿಗೂ ಜ್ವರ ಬರುತ್ತದೆ. ಆ ವೈಶಾಖದಲ್ಲಿ ಅತ್ತೆಗೆ ಬಂದ ಜ್ವರ ಇಳಿಯಲಿಲ್ಲ. ವಿಷಮಜ್ವರ ಎಂದರು. ಆಸ್ಪತ್ರೆಯಲ್ಲಿ ಎಲ್ಲರ ಜೊತೆಗಿನ ವಾರ್ಡೂ ಇತ್ತು, ದುಡ್ಡು ಕೊಟ್ಟು ಇರುವ ರೂಮುಗಳೂ ಇದ್ದವು. ಮಾವ ಅಲ್ಲಿದ್ದವರನ್ನು ಕೇಳಿದ, "ಎಲ್ಲಾದರಾಗ ತುಟ್ಟಿ ರೂಮು ಯಾವುದು? ಅದು ಕೊಡ್ರಿ." ರೇಟು ಕೇಳಲಿಲ್ಲ. ವಲ್ಲಿ ಹೆಗಲ ಮೇಲೆಯೇ ಇತ್ತು. ಮಾವ ಚೌಕಾಸಿ ಮಾಡಲಿಲ್ಲವೆಂದರೆ ಅತ್ತೆ ಉಳಿಯುವುದಿಲ್ಲವೆಂದು ಅವನಿಗೆ ತಿಳಿದಿದೆ ಎಂದೇ ಅರ್ಥ.

ಆ ರೂಮಿಗೆ ಕಿಟಕಿಯಿತ್ತು. ಮಂಚದಿಂದ ಕೋಟೆಯ ಗುಡ್ಡ ಕಾಣುತ್ತಿತ್ತು, ಬರಿಯ ಬಂಡೆ. ಅತ್ತೆ ಅದನ್ನು ನೋಡುತ್ತ ಕೇಳಿದಳು.

"ಕಡಲು ಇದರಷ್ಟು ಇರತೈತೇನ್ರಿ?"

"ಇದಕ್ಕಿಂತ ದೊಡ್ಡದು. ಆರಾಮಾಗು, ತೋರಸ್ತೀನಿ."

"ಈ ರೂಮಿಗೆ ಎಷ್ಟಂತ?"

ಮಾವ ಹೇಳಿದ. ಅತ್ತೆ ಜ್ವರದಲ್ಲಿಯೂ ಹುಬ್ಬು ಗಂಟಿಕ್ಕಿದಳು.

"ಅಯ್ಯ, ಹೇಳಿದಷ್ಟೂ ಕೊಟ್ರ್ಯಾ? ಕೇಳ್ರಿ, ಕಡಿಮಿ ಮಾಡತಾರೇನು ಕೇಳ್ರಿ. ನಾ ಬಾಳ ದಿನ ಇರಾಕಿ ಅಲ್ಲ ಅಂತ ಹೇಳ್ರಿ."

ಅವಳು ಹೇಳಿದ್ದು ಮನೆಗೆ ಬೇಗ ಹೋಗುತ್ತೇನೆಂದು. ನಾವು ಮೂವರೂ ನಕ್ಕೆವು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಕುರುಗೋಡಿನ ಹೊಲದಲ್ಲಿ ಮಣ್ಣು ಮಾಡಿದೆವು. ಎಲ್ಲರೂ ಹೋದ ಮೇಲೆ ಮಾವ ಬದುವಿನ ಮೇಲೆ ಕೂತು ವಲ್ಲಿಯ ತುದಿಯನ್ನು ಹಿಂಡುತ್ತ ನನಗೆ ಹೇಳಿದ.

"ರೇಟು ಇಳೀಲಿ ಅಂತ ಕಾದೆ ನೋಡಲೇ. ಮಾಲ ಹೋತು."

ಅವನು ಅತ್ತ. ಹೆಂಗಸರ ಹಾಗೆ ದನಿ ತೆಗೆದು ಅತ್ತ. ನಾನು ಸಮಾಧಾನ ಹೇಳಬೇಕಾದವನು, ಅವನಿಗಿಂತ ಹೆಚ್ಚು ಅತ್ತುಬಿಟ್ಟೆ.

ಎರಡನೆಯ ಕಾಫಿ

ಒಂದು ವರ್ಷ ಮಾವ ಎಲ್ಲಿಗೂ ಹೊರಡಲಿಲ್ಲ. ಮಂಡಿಯಲ್ಲಿ ಕೂತರೂ ಬೇರೆಯವರು ಹೇಳಿದ ರೇಟಿಗೆ ಹೂಂ ಎನ್ನುತ್ತಿದ್ದ. ಮುಂದಿನ ಮುಂಗಾರು ಹಿಡಿದಾಗ ಒಂದು ದಿನ ತಾನಾಗಿಯೇ, "ಚೀಲ ಕಟ್ಟಲೇ, ಕೊಲಂಬೋಗೆ ಹೋಗೂಣು," ಎಂದ. ಅಷ್ಟು ಹೊತ್ತಿಗೆ ಎರಡೂ ಕಡೆ ಬ್ರಿಟಿಷರು ಹೋಗಿ ಅದು ನಿಜವಾಗಿಯೂ ಬೇರೆ ದೇಶವಾಗಿತ್ತು, ಹೋಗಲು ಕಾಗದಪತ್ರ ಬೇಕಾಗಿದ್ದವು. ಅವನ್ನೆಲ್ಲ ನಾನು ಓಡಾಡಿ ಮಾಡಿಸಿದೆ. ಮಂಡಪದಲ್ಲಿ ಮಾವ ಕೆಮ್ಮಲಿಲ್ಲ.

ಹೋಟೆಲು ಮುಟ್ಟಿದಾಗ ಮಳೆ ಸುರಿಯುತ್ತಿತ್ತು. ಮಾಲಕ ಹಾರಿ ಬಂದ.

"ಏಮಂಡಿ ಸಾಹುಕಾರು! ಎಷ್ಟು ದಿನಾಯ್ತು! ಹೋಟ್ಲು ಪೂರಾ ಖಾಲಿ, ಎಷ್ಟರ ಇಳಿಸ್ರಿ, ನಾ ಇವತ್ತು ಬಾಯಿ ಬಿಡಂಗಿಲ್ಲ."

"ಕಡಲ ಕಡೆಯ ರೂಮು. ಇಬ್ರಿಗೆ," ಎಂದ ಮಾವ.

"ಓಹೋ! ಅಮ್ಮಾವರು ಬಂದಾರೇನು?" ಎಂದು ಮಾಲಕ ನಮ್ಮ ಹಿಂದೆ ಬಾಗಿಲ ಕಡೆ ಕತ್ತು ಚಾಚಿ ನೋಡಿದ. ಅಲ್ಲಿ ಮಳೆ ಬಿಟ್ಟರೆ ಯಾರೂ ಇರಲಿಲ್ಲ. ನಾನು ಮಾವನಿಗೆ ಕಾಣದ ಹಾಗೆ ತಲೆ ಅಲ್ಲಾಡಿಸಿ ಕೈಯನ್ನು ಮೇಲಕ್ಕೆ ತೋರಿಸಿದೆ. ಮಾಲಕನಿಗೆ ತಿಳಿಯಿತು. ಅವನ ಮುಖ ನೋಡಲಾಗಲಿಲ್ಲ.

"ಸಾಹುಕಾರು," ಎಂದ ಬಾಗಿಲಿಂದ ತಿರುಗಿ, "ಹಂಗಾದ್ರ ನೀವು ಒಬ್ರೇ. ಒಬ್ರ ರೇಟು ಕೊಡ್ರಿ."

"ಇಬ್ರು."

"ಈ ತಮ್ಮ ನಿಮ್ಮ ಜೊತೀಗೆ ಇರಲಿ. ಅವಾಗ ಇಬ್ರಾಯ್ತು."

"ಅವಂದು ಬ್ಯಾರೆ. ಅವಗ ಹಿಂದಿನ ರೂಮು ಕೊಡ್ರಿ."

"ಮಳೆಗಾಲ ರೀ, ಎಲ್ಲಾರಿಗೂ ಅರ್ಧ..."

"ಅರ್ಧಾ ಬ್ಯಾಡ. ಬೋರ್ಡಿನ ಮ್ಯಾಲೆ ಎಷ್ಟೈತಿ ಅಷ್ಟು. ಇಬ್ರಿಗೆ."

ಇಷ್ಟು ವರ್ಷ ಎದುರುಬದುರು ನಿಂತು ಇವರು ಜಗಳಾಡಿದ್ದನ್ನು ನೋಡಿದ್ದೇನೆ. ಹೋಟೆಲಿನವನು ಇಳಿಸುತ್ತ, ಗಿರಾಕಿ ಏರಿಸುತ್ತ ನಡೆದ ಜಗಳವನ್ನು ಅಂದೇ ನೋಡಿದ್ದು. ಊಟಕ್ಕೆ ಕೂತಿದ್ದ ಒಂದಿಬ್ಬರು ತಿರುಗಿ ನೋಡಿ ನಗತೊಡಗಿದರು. ನನಗೂ ನಗು ಬಂತು. ಮಾಲಕ ಕೈ ಜೋಡಿಸಿ, "ಪಾಪದ ರೊಕ್ಕ ಆಗತೈತಿ ಸಾಹುಕಾರು, ನನ್ನ ಕೈಲಿ ತಗೊಳ್ಳಾಕ ಆಗಂಗಿಲ್ಲ," ಎಂದ.

ಆಗ ಮಾವ ಹೆಗಲ ಮೇಲಿನ ವಲ್ಲಿ ತೆಗೆದ. ಮಾಲಕನ ಕೈ ಹಿಡಿದು ಅದನ್ನು ಮುಚ್ಚಿದ. ವಲ್ಲಿ ಅಲುಗಿತು. ಮಾವ ಎರಡು ಬೆರಳು ಹಿಡಿದಿರಬೇಕು, ಮಾಲಕ ಬೇಡವೆಂದು ತಲೆಯಾಡಿಸಿ ಒಂದನ್ನು ಹಿಡಿದಿರಬೇಕು. ಮತ್ತೆ ಅಲುಗಿತು. ಆಮೇಲೆ ಅಲುಗುವುದು ನಿಂತಿತು. ವ್ಯಾಪಾರ ಮುಗಿದಿತ್ತು, ಆದರೆ ಇಬ್ಬರೂ ಕೈ ಬಿಡಲಿಲ್ಲ. ವಲ್ಲಿ ಸರಿದಾಗ ನೋಡಿದೆ, ಮಾಲಕ ಮಾವನ ಇಡೀ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ನನಗೆ ಹೊಗೆಯ ರೂಮು. ಮೊದಲ ಸಲ ಒಬ್ಬನಿಗೇ ಒಂದು ರೂಮು ಸಿಕ್ಕಿತ್ತು, ನಿದ್ದೆ ಮಾತ್ರ ಸಿಗಲಿಲ್ಲ.

ಬೆಳಿಗ್ಗೆ ಮಾಳಿಗೆಯ ಮೇಲಿಂದ ಮಾವನ ಗದ್ದಲ ಕೇಳಿ ಎದ್ದು ಓಡಿದೆ. ವರ್ಷದ ಮೇಲೆ ಕೇಳಿದ ಗದ್ದಲ ಅದು. ಮಳೆ ನಿಂತು ಬಿಸಿಲು ಬಿದ್ದಿತ್ತು. ಮೆಟ್ಟಿಲ ಮೇಲೆ ನಿಂತು ಮಾವ ಕೆಳಗಿನ ಮಾಲಕನಿಗೆ ಕೂಗುತ್ತಿದ್ದ.

"ಇಬ್ರಿಗೆ ಪೂರಾ ರೊಕ್ಕ ತಗೊಂಡು ಒಂದ ಕಾಫಿ ಕಳಸೀರಲ್ಲ, ಇದ್ಯಾವ ನ್ಯಾಯ? ಎರಡನೇದು ಎಲ್ಲಿ?"

ಮಾಲಕ ಯಾರನ್ನೂ ಕರೆಯಲಿಲ್ಲ. ತಾನೇ ಒಳಗೆ ಹೋಗಿ ಇನ್ನೊಂದು ಲೋಟ ಕಾಫಿಯನ್ನು ತಟ್ಟೆಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದ. ತೆರೆದ ಬಾಗಿಲನ್ನೇ ತಟ್ಟಿದ. ಮಾವ, "ಬರ್ರಿ," ಎಂದ.

ದೊಡ್ಡ ಮಂಚ. ಗೋಡೆಯ ಕಡೆ ಹಾಸಿಗೆ ಸುಕ್ಕಾಗಿತ್ತು. ಕಿಟಕಿಯ ಕಡೆಯ ಅರ್ಧ ಹಾಸಿದಂತೆಯೇ ಇತ್ತು, ಅಲ್ಲಿ ಮಾವ ಮಲಗಿರಲಿಲ್ಲ. ಕಿಟಕಿಯ ತುಂಬ ಕಡಲು, ದೂರದಲ್ಲಿ ಒಂದು ಹಡಗು. ಮಾಲಕ ಕಿಟಕಿಯ ಕಡೆ ಹೋಗಿ, ಕಾಫಿಯನ್ನು ಆ ಕಡೆಯ ಸ್ಟೂಲಿನ ಮೇಲೆ ಎರಡೂ ಕೈಯಿಂದ ಇಟ್ಟ. ಇಟ್ಟು, ತೀರ ಮೆಲ್ಲಗೆ ಕೇಳಿದ.

"ಅಮ್ಮಾವರಿಗೆ ಸಕ್ಕರೆ ಸಾಕಾಗತೈತಾ, ಸಾಹುಕಾರು?"

"ಆಕಿ ಕಾಫಿ ಕುಡಿಯಂಗಿಲ್ಲ," ಎಂದ ಮಾವ.

ಮಾಲಕ ಬೆಪ್ಪಾಗಿ ನನ್ನ ಮುಖ ನೋಡಿದ, ಮಾವನ ಮುಖ ನೋಡಿದ. "ಮತ್ತ ಇಷ್ಟು ಜಗಳಾಡಿ ತರಿಸಿದ್ರಿ?"

ಮಾವ ಕಡಲ ಕಡೆ ತಿರುಗಿ ವಲ್ಲಿಯಿಂದ ಕಣ್ಣೊರೆಸಿಕೊಂಡ.

"ರೊಕ್ಕ ಕೊಟ್ಟೀನಲ್ರೀ. ಬಿಟ್ರ ಆಕಿ ಬೈತಾಳ."